ನಿನ್ನ ಖಳನಾಯಕ ಬರೆದ ಪತ್ರ

ಪ್ರಿಯ ಗೆಳೆಯ,

'ನೇಷನ್‌ಸ್ಟೇಟ್ಸ್' ಆಟಕ್ಕೆಂದು ನೀನು ಬರೆದು ಕಳಿಸಿದ ಸಮಸ್ಯೆಯ ಕರಡನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೆಯ ಸಲ ಸ್ವಲ್ಪ ಸಿಟ್ಟೇ ಬಂತು. ಬಾತ್‌ಟಬ್ಬಿನಲ್ಲಿ ಮಲಗಿಕೊಂಡು ರೈತರಿಗೆ ಬುದ್ಧಿ ಹೇಳುವ ಆ ರಾಜಧಾನಿಯ ಮನುಷ್ಯ ನಾನೇ ಅಲ್ಲವೇ? ನಮ್ಮ ಮನೆಯಲ್ಲಿ ಇರುವುದು ಎರಡು ಬಕೆಟ್ ಎಂಬುದು ನಿನಗೆ ಚೆನ್ನಾಗಿಯೇ ಗೊತ್ತು.

ಪತ್ರವನ್ನು ಎಲ್ಲರೂ ಓದುವಂತೆ ಹಾಕು ಎಂದಿದ್ದೀಯಲ್ಲ, ಹಾಗಾಗಿ ಉಳಿದವರಿಗಾಗಿ ಎರಡು ಮಾತು. 'ನೇಷನ್‌ಸ್ಟೇಟ್ಸ್' ಎಂಬುದು 2002ರಿಂದ ಅಂತರ್ಜಾಲದಲ್ಲಿರುವ ಆಟ. ಆಡುವವರು ತಮ್ಮದೇ ಒಂದು ದೇಶ ಕಟ್ಟುತ್ತಾರೆ. ಆ ದೇಶಕ್ಕೆ ಆಗಾಗ ಒಂದು ಸಮಸ್ಯೆ ಬರುತ್ತದೆ. ಅದರ ಬಗ್ಗೆ ಮೂರು ನಾಲ್ಕು ಪಾತ್ರಗಳು ವಾದ ಮಾಡುತ್ತವೆ, ಒಬ್ಬೊಬ್ಬರ ವಾದ ಒಂದೊಂದು ಆಯ್ಕೆ. ಒಬ್ಬರ ಮಾತು ಕೇಳಿದರೆ ಆರ್ಥಿಕತೆ ಏರುತ್ತದೆ, ನಾಗರಿಕ ಹಕ್ಕು ಇಳಿಯುತ್ತದೆ, ಅಥವಾ ತಿರುವುಮುರುವು. ಈ ಸಮಸ್ಯೆಗಳಲ್ಲಿ ಬಹುಪಾಲನ್ನು ಬರೆದವರು ಆಡುವವರೇ. ಸಂಪಾದಕರು ಆರಿಸಿ, ತಿದ್ದಿ ಸೇರಿಸುತ್ತಾರೆ.

ಇನ್ನು ನಿನ್ನ ಕರಡು. ಬರಗಾಲ, ಜಲಾಶಯ ಅರ್ಧಕ್ಕಿಳಿದಿದೆ, ನೀರು ಗದ್ದೆಗೋ ರಾಜಧಾನಿಗೋ? ವಿಷಯ ಒಳ್ಳೆಯದು. ಆದರೆ ತೀರ್ಪನ್ನು ನೀನು ಮೊದಲೇ ಬರೆದಿಟ್ಟುಕೊಂಡು ಆಮೇಲೆ ವಾದ ಬರೆದಿದ್ದೀಯ. ರೈತನಿಗೆ ಬೆವರು, ಸಾಲ, ಬಾಡಿದ ಪೈರು, ಎಲ್ಲವನ್ನೂ ಕೊಟ್ಟೆ. ಪಟ್ಟಣದವನಿಗೆ ಕೊಟ್ಟದ್ದು ಸೋಪಿನ ನೊರೆ. ಇದನ್ನು ಓದಿ ಯಾರು ತಾನೇ ಎರಡನೆಯ ಆಯ್ಕೆಯನ್ನು ಒತ್ತುತ್ತಾರೆ?

ನಿಜವಾದ ಜಗಳ ಹೇಗಿತ್ತು ನೆನಪು ಮಾಡಿಕೋ. 2007ರ ಅಂತಿಮ ತೀರ್ಪಿನಲ್ಲಿ ಕಾವೇರಿ ನ್ಯಾಯಮಂಡಳಿ, ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ಅರ್ಧದಷ್ಟು ಕುಡಿಯುವ ನೀರು ಅಂತರ್ಜಲದಿಂದ ಸಿಗುತ್ತದೆ ಎಂದು ಲೆಕ್ಕ ಹಾಕಿ ನಗರದ ಪಾಲನ್ನು ಕಡಿತಗೊಳಿಸಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಆ ಲೆಕ್ಕವನ್ನು ಒಪ್ಪದೆ, ಕರ್ನಾಟಕಕ್ಕೆ ಹೆಚ್ಚಿಸಿದ 14.75 ಟಿಎಂಸಿ ಅಡಿಯಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಹೆಸರಿಗೆ ಬರೆಯಿತು. ನದಿ ತಾನು ಹರಿಯುವ ಕೊಳ್ಳದವರದ್ದೋ, ಬಾಯಾರಿದವರದ್ದೋ? ಎರಡೂ ಕಡೆ ಕಾನೂನು ಬಲ್ಲವರೇ ಕುಳಿತಿದ್ದರು, ಯಾರೂ ಬಾತ್‌ಟಬ್ಬಿನಲ್ಲಿರಲಿಲ್ಲ. ಕೊಳ್ಳದ ವಾದವನ್ನು ನಿನ್ನ ರೈತನ ಬಾಯಲ್ಲಿ ಆಡಿಸು, ಅವನ ಕಣ್ಣೀರಿಗಿಂತ ಅದಕ್ಕೆ ತೂಕ ಹೆಚ್ಚು. ಎದುರಿಗೆ ಡಯಾಲಿಸಿಸ್ ವಾರ್ಡಿನ ನರ್ಸ್ ಒಬ್ಬಳನ್ನು ನಿಲ್ಲಿಸು. ಒಬ್ಬ ರೋಗಿಯ ಒಂದು ಸಲದ ಡಯಾಲಿಸಿಸ್‌ಗೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಅವಳಿಗೆ ಏನು ಉತ್ತರ ಕೊಡುತ್ತೀಯೋ ನಾನೂ ನೋಡುತ್ತೇನೆ.

ಹೆಸರುಗಳನ್ನು ಮಾತ್ರ ತೆಗೆದುಬಿಡು. ಆ ಆಟದ ಲೋಕದಲ್ಲಿ ಮಂಡ್ಯವೂ ಇಲ್ಲ, ಕನ್ನಂಬಾಡಿಯೂ ಇಲ್ಲ. ಕನ್ನಂಬಾಡಿ ಕಟ್ಟೆ ತುಂಬುವ ಮಟ್ಟ 124.80 ಅಡಿ ಎಂದು ಬರೆದರೆ ನಮ್ಮಿಬ್ಬರ ಎದೆ ಝಲ್ಲೆನ್ನಬಹುದು, ಫಿನ್ಲೆಂಡಿನಲ್ಲಿ ಕುಳಿತು ಆಡುವವನಿಗೆ ಅದೊಂದು ಅಂಕಿ ಅಷ್ಟೇ. 'ಹೊಳೆಗೆ ಹಾಕಿದರೂ ಅಳೆದು ಹಾಕು' ಎಂಬ ಗಾದೆಯನ್ನು ಇಂಗ್ಲಿಷಿಗೆ ತಿರುಗಿಸಿದ್ದೀಯಲ್ಲ, ಅದು ಅಲ್ಲಿ ನೀರಾವರಿ ಇಲಾಖೆಯ ಸುತ್ತೋಲೆಯಂತೆ ಕೇಳುತ್ತದೆ. ಕೈಬಿಡು.

ಮೂರನೆಯ ಆಯ್ಕೆ: 'ತಜ್ಞರ ಸಮಿತಿ ರಚಿಸೋಣ.' ಅಯ್ಯಾ, ಸಮಸ್ಯೆಯನ್ನು ತಳ್ಳಿಹಾಕಲು ಆಟದಲ್ಲೇ ಒತ್ತುವ ಗುಂಡಿಯೊಂದಿದೆ. ಅದೇ ಕೆಲಸಕ್ಕೆ ಇನ್ನೊಂದು ಪಾತ್ರ ಯಾಕೆ? ನಾಲ್ಕನೆಯದು ಜನಮತಗಣನೆ. ಚುನಾವಣೆಯನ್ನೇ ಕಾಣದ ಸರ್ವಾಧಿಕಾರಿಯ ದೇಶಕ್ಕೂ ಇದೇ ಸಮಸ್ಯೆ ಹೋದರೆ ನಗೆಪಾಟಲು. ಆ ಆಯ್ಕೆ ಯಾವ ಬಗೆಯ ದೇಶಕ್ಕೆ ಕಾಣಬೇಕು ಎಂಬ ಷರತ್ತನ್ನಾದರೂ ಬರೆ.

ಸಮಿತಿಯ ಜಾಗದಲ್ಲಿ ಯಾರನ್ನು ತರಬೇಕು ಎಂದು ನನ್ನನ್ನು ಕೇಳಿದರೆ, ನಿಮ್ಮ ಅಪ್ಪನನ್ನು. ನಿಮ್ಮ ಗದ್ದೆ ಇರುವುದು ನಾಲೆಯ ಕೊನೆ ಭಾಗದಲ್ಲಿ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ವಾರವೂ ಮೇಲಿನವರು ಪಂಪ್ ಇಟ್ಟು ಎಳೆದುಕೊಂಡು, ಉಳಿದರೆ ನಿಮಗೆ. ಆ ವರ್ಷ ನಿಮ್ಮಪ್ಪ ಟಾರ್ಚ್ ಹಿಡಿದು ರಾತ್ರಿಯಿಡೀ ತೂಬಿನ ಬಳಿ ಕುಳಿತದ್ದು ಬೆಂಗಳೂರಿನವರನ್ನು ತಡೆಯಲಿಕ್ಕಲ್ಲ, ಮೇಲಿನ ಊರಿನ ಕಬ್ಬಿನ ಗದ್ದೆಯವರನ್ನು. ಇದನ್ನು ನನಗೆ ಹೇಳಿದವನು ನೀನೇ. ಕರಡಿನಲ್ಲಿ ಮಾತ್ರ ರೈತರೆಲ್ಲ ಒಂದೇ ಬಾಯಿಂದ ಮಾತಾಡುತ್ತಾರೆ. ಮೂರನೆಯವನಾಗಿ ಆ ಕೊನೆ ಭಾಗದ ರೈತ ಬಂದು 'ಮೊದಲು ನಾಲೆಯ ಮೇಲೆ ಕಾವಲು ಹಾಕಿ, ಪಂಪ್ ಕಿತ್ತುಹಾಕಿ' ಎನ್ನಲಿ. ಅಲ್ಲಿಗೆ ಆಟದವನ ಬೆರಳು ತಡೆಯುತ್ತದೆ, ಯಾಕೆಂದರೆ ಅದಕ್ಕೆ ಪೊಲೀಸರು ಬೇಕು.

ಆಯ್ಕೆಯ ಪರಿಣಾಮವನ್ನು ಹೇಳುವ ಒಂದು ಸಾಲಿನ ವ್ಯಂಗ್ಯವಿರುತ್ತದಲ್ಲ, ಅಲ್ಲಿ 'ರೈತರಿಗೆ ನ್ಯಾಯ ಸಿಕ್ಕಿತು' ಎಂದು ಬರೆದಿದ್ದೀಯ. ಅದು ಪಕ್ಷದ ಕರಪತ್ರ. 'ರಾಜಧಾನಿಯ ಜನ ಸ್ನಾನಕ್ಕೆ ಮುಹೂರ್ತ ಕೇಳುತ್ತಿದ್ದಾರೆ' ಎಂದು ಹಾಕಿ ನೋಡು. ಅತಿಯಾಯಿತು ಎನ್ನಬೇಡ. 2024ರ ಮಾರ್ಚಿನಲ್ಲಿ ಇಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶವಾದಾಗ, ನಮ್ಮ ಬೀದಿಯಲ್ಲಿ ಧೂಳು ಹಿಡಿದ ಕಾರೇ ಮರ್ಯಾದಸ್ಥರ ಗುರುತಾಗಿತ್ತು.

ತಿದ್ದಿದ ಮೇಲೆ ಇನ್ನೊಮ್ಮೆ ಕಳಿಸು, ಸಲ್ಲಿಸಲು ಅವಸರ ಬೇಡ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ಅವರನ್ನು ಪಾತ್ರ ಮಾಡಲು ಹೇಳಿದವನು ನಾನೆಂದು ಮಾತ್ರ ಹೇಳಬೇಡ.

ನಮ್ಮ ಬೀದಿಗೆ ಇವತ್ತು ನೀರು ಬಿಡುವ ದಿನ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಆಗಿ ಬಂದ ನಿಮ್ಮ ನೀರು ನಲ್ಲಿಯಲ್ಲಿ ಗುರುಗುಟ್ಟುತ್ತಿದೆ. ಡ್ರಮ್ಮು ತುಂಬಿಸಲು ಎದ್ದೆ.

ಇಂತಿ,
ಬಾತ್‌ಟಬ್ ಇಲ್ಲದ ನಿನ್ನ ಗೆಳೆಯ