ಆಕೆ ನಕ್ಕಳು ಅಂತ ಬರೆದಿದ್ದೀಯಲ್ಲ

ಧಾರವಾಡ

ಚಿ. ವಿನಾಯಕನಿಗೆ ಮಾಮಾನ ಆಶೀರ್ವಾದಗಳು.

ಇಲ್ಲಿಯ ಸುದ್ದಿಯನ್ನೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಥಾಯ್ಲೆಂಡಿನ ಚೊನ್‌ಬುರಿಯ ರೂಮು, ಪಗಾರ, ಊಟದ ವಿಷಯ ಓದಿ ಸಮಾಧಾನವಾಯಿತು. ಆದರೆ ಮೂರನೇ ಪುಟದಲ್ಲಿ ಒಂದು ಮಾತು ಬರೆದು ಹಂಗೇ ಮುಂದೆ ಹೋಗಿಬಿಟ್ಟಿದ್ದೀ. "ರಿಪೋರ್ಟು ತಪ್ಪು ಮಾಡಿದಳು ಅಂತ ಎಂಟು ಮಂದಿ ಎದುರು ನಮ್ಮ ಪ್ರೊಡಕ್ಷನ್ ಲೈನಿನ ನೋಕ್‌ಗೆ ಒದರಿದೆ ಮಾಮಾ. ಆಕೆ ನಕ್ಕಳು. ಅದನ್ನು ನೋಡಿ ಸಿಟ್ಟು ಇನ್ನೂ ನೆತ್ತಿಗೇರಿತು. ಈಗ ಹದಿನೈದು ದಿನ ಆಯಿತು, ಎಲ್ಲ ಶಾಂತ ಇದೆ."

ಎರಡು ರಾತ್ರಿ ಈ ಮಾತೇ ತಲೆಯಲ್ಲಿ ತಿರುಗುತ್ತಿದೆ. ನೀನು ಒದರಿದ್ದು ತಪ್ಪು, ಅದನ್ನು ತಿದ್ದಬಹುದು. ಆಕೆ ನಕ್ಕದ್ದನ್ನು ನೀನು ಓದಿದ ರೀತಿ ನನಗೆ ಹೆದರಿಕೆ ಹುಟ್ಟಿಸಿದೆ. ಮೇಲೆ 'ಎಲ್ಲ ಶಾಂತ ಇದೆ' ಅಂತ ಬೇರೆ.

ಥಾಯ್ ಮಂದಿ ಖುಷಿಯಾದಾಗಷ್ಟೇ ನಗುವವರಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದಾಗ, ನಾಚಿಕೆಯಾದಾಗ, ಎದುರಿಗಿದ್ದವನ ಸಿಟ್ಟು ಇಳಿಯಲಿ ಅಂತ, ಏನು ಹೇಳಬೇಕೋ ತೋಚದಿದ್ದಾಗ, ಎಲ್ಲದಕ್ಕೂ ಒಂದು ನಗು ಇರುತ್ತದೆ. ಇಂಥ ಮುಜುಗರದ ನಗುವಿಗೆ 'ಯಿಮ್ ಹ್ಯಾಂಗ್' ಅನ್ನುತ್ತಾರೆ. ಯಿಮ್ ಅಂದರೆ ನಗು, ಹ್ಯಾಂಗ್ ಅಂದರೆ ಒಣಗಿದ್ದು. ಮೋಟರ್‌ಸೈಕಲ್ ತಾಗಿಸಿದವನೂ ನಗುತ್ತಾನೆ, ನಿನ್ನ ಅಂಗಿಯ ಮೇಲೆ ಸಾರು ಚೆಲ್ಲಿದ ಹುಡುಗನೂ ನಗುತ್ತಾನೆ. ಪರದೇಶದವರು ಎಡವುವುದು ಇಲ್ಲಿಯೇ. ನನ್ನನ್ನು ನೋಡಿ ನಗುತ್ತಿದ್ದಾರೆ ಅಂದುಕೊಂಡು ದನಿ ಏರಿಸುತ್ತಾರೆ. ದನಿ ಏರಿದಷ್ಟೂ ಆ ನಗು ಅಗಲವಾಗುತ್ತದೆ, ಅದು ಅಗಲವಾದಷ್ಟೂ ಇವರ ದನಿ ಏರುತ್ತದೆ. ನಿನಗೆ ಆದದ್ದೂ ಇದೇ. ನೋಕ್ ಆ ಹೊತ್ತಿಗೆ ನಿನ್ನ ಸಿಟ್ಟಿನ ಬೆಂಕಿಗೆ ನೀರು ಹಾಕುತ್ತಿದ್ದಳು, ನೀನು ಅದನ್ನು ಎಣ್ಣೆ ಅಂದುಕೊಂಡೆ.

ಇಂಥದೊಂದು ಒಣ ನಗುವನ್ನು ತಪ್ಪಾಗಿ ಓದಿದವನು ನಾನೂ. ಅದರ ಕಥೆ ಬೇಡ. ಕ್ಷಮೆ ಕೇಳಲು ತಡ ಮಾಡಿದೆ, ಕೇಳಬೇಕಾದವನು ಅಷ್ಟರಲ್ಲಿ ಕೆಲಸ ಬಿಟ್ಟಿದ್ದ, ಅಷ್ಟು ಸಾಕು. ಅದಕ್ಕೇ ನಿನ್ನ ಹದಿನೈದು ದಿನದ ಲೆಕ್ಕ ನನ್ನನ್ನು ಚುಚ್ಚುತ್ತಿದೆ.

'ಸಿಯಾ ನಾ' ಎಂಬ ಮಾತು ಕೇಳಿರುತ್ತೀ. ನಾ ಅಂದರೆ ಮುಖ. ಮುಖ ಕೆಡುವುದು. ನಮ್ಮಲ್ಲಿ ಮರ್ಯಾದೆ ಹೋಯಿತು ಅಂದ ಹಾಗೆ, ಆದರೆ ಅಲ್ಲಿ ಅದು ಇನ್ನೂ ತೆಳುವಾದ ಚರ್ಮ. ನಿನ್ನ ಮಾತು ನೂರಕ್ಕೆ ನೂರು ನಿಜವಿದ್ದರೂ ಎಂಟು ಮಂದಿ ಕೇಳುವಂತೆ ಹೇಳಿದ್ದರಿಂದ ಅದರಲ್ಲಿದ್ದ ನಿಜ ಯಾರ ಕಿವಿಗೂ ಬಿದ್ದಿರುವುದಿಲ್ಲ. ಇನ್ನೊಂದು ಸಂಗತಿ ನಿನಗೆ ಹೊಳೆದಿಲ್ಲ ಅನ್ನಿಸುತ್ತದೆ. ಆವತ್ತು ಇಬ್ಬರ ಮುಖ ಕೆಟ್ಟಿದೆ, ನಿನ್ನದೂ ಸೇರಿ. ಸಿಟ್ಟು ತೋರಿಸಿದ ದೊಡ್ಡವನನ್ನು ಅವರು ಖಡಕ್ ಸಾಹೇಬ ಅಂತ ತಿಳಿಯುವುದಿಲ್ಲ. ತನ್ನನ್ನೇ ಹಿಡಿದುಕೊಳ್ಳಲಾರದವನು, ಕುಡಿದವನ ಹಾಗೆ, ಹಟ ಮಾಡುವ ಮಗುವಿನ ಹಾಗೆ. ಅದಕ್ಕೆ 'ಚಾಯ್ ರೋನ್' ಅನ್ನುತ್ತಾರೆ, ಬಿಸಿ ಹೃದಯ. ಹೊಗಳಬೇಕಾದರೆ 'ಚಾಯ್ ಯೆನ್', ತಂಪು ಹೃದಯ. (ಚಹಾ ಅಲ್ಲ, ಅಲ್ಲಿ ಚಾಯ್ ಅಂದರೆ ಹೃದಯ.) ನಿನಗೆ ಯಾರಾದರೂ ಮೆಲ್ಲಗೆ 'ಚಾಯ್ ಯೆನ್ ಯೆನ್' ಅಂದರೆ ಅದು ಸಮಾಧಾನದ ಮಾತೂ ಹೌದು, ಕೊನೆಯ ಎಚ್ಚರಿಕೆಯೂ ಹೌದು. ಆವತ್ತು ಯಾರಾದರೂ ಅಂದರೋ? ನೆನಪು ಮಾಡಿಕೊಂಡು ನೋಡು.

ನಮ್ಮ ಕಡೆಯ ದನಿಯೇ ದೊಡ್ಡದು, ಅದು ನಿನ್ನ ತಪ್ಪಲ್ಲ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಗೆಳೆಯರು ಮಾತಾಡಿದರೆ ದೂರದಿಂದ ಜಗಳದ ಹಾಗೆ ಕೇಳುತ್ತದೆ. ಒದರುತ್ತೇವೆ, ಹತ್ತು ನಿಮಿಷಕ್ಕೆ ಒಂದೇ ತಾಟಿನಲ್ಲಿ ಮಿರ್ಚಿ ತಿನ್ನುತ್ತೇವೆ. ಫರಾಂಗ್‌ಗಳದು, ಅಂದರೆ ಬಿಳಿಯರದು, ಇನ್ನೊಂದು ರೀತಿ: ಇದ್ದದ್ದನ್ನು ಮುಖಕ್ಕೆ ಹೇಳಿ ಮುಗಿಸಿದರೆ ಪ್ರಾಮಾಣಿಕತೆ ಅನ್ನುತ್ತಾರೆ. ಇಮಿಗ್ರೇಷನ್ ಕೌಂಟರಿನಲ್ಲಿ ಮೇಜು ಕುಟ್ಟುತ್ತಾರೆ, ಅಧಿಕಾರಿ ನಗುನಗುತ್ತಲೇ ಇನ್ನೊಂದು ಜೆರಾಕ್ಸ್ ಕೇಳುತ್ತಾನೆ, ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ನಮಗೂ ಅವರಿಗೂ ಸಿಟ್ಟು ಅಂದರೆ ಬಂದು ಹೋಗುವ ಮಳೆ. ಥಾಯ್‌ಗಳ ಲೆಕ್ಕದಲ್ಲಿ ಅದು ಗೋಡೆಯ ಮೇಲೆ ಉಳಿಯುವ ಕಲೆ. ಇಂಥ ಗದ್ದಲಕ್ಕೆ ಅವರ ಮಾತು 'ವೋಯ್ ವಾಯ್'. ಭಾರತದವರಿಗೆ 'ಖ್ಯಾಕ್' ಅನ್ನುತ್ತಾರೆ, ಮೂಲ ಅರ್ಥ ಅತಿಥಿ. ಆ ಎರಡು ಮಾತು ಒಂದೇ ವಾಕ್ಯದಲ್ಲಿ ಕೇಳಿಸಿದರೆ ನಿನ್ನ ಬಗ್ಗೆಯೇ ನಡೆದಿದೆ ಅಂತ ತಿಳಿ.

ಜೋರು ದನಿಯೇ ಅವರಿಗೆ ಆಗದು ಅಂತಲ್ಲ. ಸಂತೆಯಲ್ಲಿ ಲೌಡ್‌ಸ್ಪೀಕರ್, ಸೊಂಗ್‌ಕ್ರಾನ್ ಹಬ್ಬದಲ್ಲಿ ಕಿವಿ ಕಿತ್ತುಹೋಗುವ ಹಾಡು, ಬಾಕ್ಸಿಂಗಿನಂಥ ಮುಯೇ ಥಾಯ್ ಪಂದ್ಯದಲ್ಲಿ ಒದೆ ಬಿದ್ದಾಗಲೆಲ್ಲ ಸಾವಿರ ಗಂಟಲು. ಮೋಜಿನ ಗದ್ದಲಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬ್ಯಾಂಕಾಕಿನ ಸ್ಕೈಟ್ರೇನಿನಲ್ಲಿ ಮಾತ್ರ ನೀನು ಫೋನಿನಲ್ಲಿ ಅವ್ವನ ಜೊತೆ ನಿನ್ನ ಮಾಮೂಲಿ ದನಿಯಲ್ಲಿ ಮಾತಾಡಿದರೂ ಡಬ್ಬಿಯ ಅರ್ಧ ಮಂದಿ ತಿರುಗಿ ನೋಡುತ್ತಾರೆ. ಅವರ ಕಿವಿಗೆ ಅದು ಜಗಳ.

ಭಾಷೆಯದೂ ಒಂದು ಕಾರಣ ಇದೆ. ಥಾಯ್‌ನಲ್ಲಿ ಐದು ಸ್ವರ, ಅಂದರೆ ದನಿಯ ಐದು ಏರಿಳಿತ. 'ಕ್ಲಾಯ್' ಅನ್ನುವಾಗ ದನಿ ಸಮ ಇದ್ದರೆ ದೂರ, ಮೇಲಿಂದ ಇಳಿದರೆ ಹತ್ತಿರ. ಸಿಟ್ಟಿನಲ್ಲಿ ಎಲ್ಲ ಅಕ್ಷರವನ್ನೂ ಒಂದೇ ಎತ್ತರಕ್ಕೆ ಎಳೆದರೆ ಮಾತಿನ ಅರ್ಥವೇ ಉಳಿಯುವುದಿಲ್ಲ. ನೀನು ಕಲಿತ ಅಷ್ಟಿಷ್ಟು ಥಾಯ್ ಸಿಟ್ಟಿನ ಹೊತ್ತಿಗೆ ಕೆಲಸಕ್ಕೆ ಬಾರದು. ಅವರ ಬೈಗುಳವನ್ನಂತೂ ನಾಲಿಗೆಗೆ ತರಬೇಡ. ನಮ್ಮಲ್ಲಿ ಎಮ್ಮೆ, ಕೋಣ ಅಂದರೆ ನಕ್ಕುಬಿಡುತ್ತಾರೆ, ಅಲ್ಲಿ 'ಖ್ವಾಯ್' ಅಂದರೆ ಅದೇ ಎಮ್ಮೆ, ಆದರೆ ಕೈ ಮಿಲಾಯಿಸುವ ಮಾತು. ಉಡದ ಹೆಸರು ಅದಕ್ಕಿಂತ ಹೊಲಸು.

ಮತ್ತೆ ಆ ನಗುವಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಗುವ ಮಂದಿ, ಇವರಿಗೆ ಸಿಟ್ಟೇ ಬರುವುದಿಲ್ಲ ಅಂತ ನೀನು ತಿಳಿದಿರಬಹುದು. ಸುಂತರಿ ಕೋಮಿನ್ ಎಂಬ ಥಾಯ್ ಮನಶ್ಶಾಸ್ತ್ರಜ್ಞೆ ತಮ್ಮ ಜನರ ಮೌಲ್ಯಗಳನ್ನು 9 ಗುಂಪು ಮಾಡಿದರು. ಮೊದಲ ಸ್ಥಾನ ಕೊಟ್ಟದ್ದು ನಯವಾದ ನಡವಳಿಕೆಗಲ್ಲ, 'ನಾನು' ಎಂಬುದಕ್ಕೆ. ಮುಖ ಕಾಯುವುದು, ಟೀಕೆ ತಪ್ಪಿಸುವುದು, 'ಕ್ರೆಂಗ್ ಚಾಯ್' ಅಂದರೆ ಎದುರಿಗಿನವರಿಗೆ ತೊಂದರೆಯಾದೀತೆಂಬ ಸಂಕೋಚ, ಇವೆಲ್ಲ ಅದರ ಬೇರಿನಿಂದಲೇ ಬಂದವು ಎಂದರು. ಆ 'ನಾನು'ವಿಗೆ ಪೆಟ್ಟು ಬಿದ್ದರೆ ಮೊದಲು ನಗು, ಆಮೇಲೆ ಮೌನ. ಆಮೇಲೆ ನಿನಗೆ ಬರಬೇಕಾದ ಸುದ್ದಿ ಬರುವುದು ನಿಲ್ಲುತ್ತದೆ. ಅಳತೆ ತಪ್ಪಿದ ಪಾರ್ಟು ಲೈನಿನಲ್ಲಿ ಹೋಗುತ್ತಿರುತ್ತದೆ, ಕಂಡವರು ಹೇಳುವುದಿಲ್ಲ. ಹೇಳಿದರೆ ನೀನು ಒದರುತ್ತೀ ಅಂತ ಎಂಟೂ ಮಂದಿ ಕಲಿತಿದ್ದಾರಲ್ಲ. ನಿನ್ನ 'ಎಲ್ಲ ಶಾಂತ' ಅಂದರೆ ಬಹುಶಃ ಇದು.

ಕೆಲವೊಮ್ಮೆ ಬಹಳ ದಿನದ ಮೇಲೆ ಒಮ್ಮೆಲೆ ಸ್ಫೋಟವಾಗುತ್ತದೆ, ಅದೂ ಬೀದಿಯಲ್ಲಿ, ಅವನ ಕಡೆಯ ನಾಲ್ಕು ಮಂದಿ ಕೂಡಿಕೊಂಡಿರುತ್ತಾರೆ. ಅದಕ್ಕೆ ಮುಂಚಿನ ಗುರುತು ಹೇಳಿಬಿಡುತ್ತೇನೆ. ಮಾತಿನ ಕೊನೆಗೆ ಮರ್ಯಾದೆಗೆ ಸೇರಿಸುವ 'ಖ್ರಾಪ್' (ಗಂಡಸರು), 'ಖಾ' (ಹೆಂಗಸರು) ಉದುರಿಹೋಗುತ್ತವೆ. ನಾನು, ನೀವು ಅನ್ನುವ ಸಭ್ಯ ಮಾತು 'ಪೊಮ್', 'ಖುನ್' ಹೋಗಿ ಅದಕ್ಕೇ ಒರಟು ಮಾತು 'ಕೂ', 'ಮುಂಗ್' ಬರುತ್ತವೆ. ಅಲ್ಲಿಯವರೆಗೆ ಇದ್ದ ನಗು ನಿಂತುಬಿಡುತ್ತದೆ. ನಗು ನಿಂತಿತೋ, ನ್ಯಾಯ ನಿನ್ನದಿದ್ದರೂ 'ಖೋ ಥೋತ್', ಕ್ಷಮಿಸಿ ಅಂದು ಎರಡು ಹೆಜ್ಜೆ ಹಿಂದೆ ಸರಿದು ಹೊರಟುಬಿಡು. ರಸ್ತೆಯಲ್ಲೂ ಅಷ್ಟೇ. ನಮ್ಮಲ್ಲಿ ಹಾರ್ನ್ ಅಂದರೆ 'ಬಂದೆ', ಅಲ್ಲಿ ಅದು ಬೈದ ಹಾಗೆ. ಎದುರಿನವ ಹೆಡ್‌ಲೈಟ್ ಮಿಣುಕಿಸಿದರೆ ನಿನಗೆ ದಾರಿ ಬಿಟ್ಟ ಅಂತ ತಿಳಿಯಬೇಡ, ತಾನು ನಿಲ್ಲುವುದಿಲ್ಲ ಅಂತ ಅರ್ಥ. ಕೈ ಮೀರಿದರೆ ಪ್ರವಾಸಿ ಪೊಲೀಸರ ನಂಬರು 1155, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಕಾನೂನೂ ಇದೆ. ದಂಡ ಸಂಹಿತೆಯ 393ನೇ ಕಲಮಿನಂತೆ ಎದುರಿಗೇ ಒಬ್ಬರನ್ನು ಅವಮಾನಿಸಿದರೆ 1 ತಿಂಗಳವರೆಗೆ ಸೆರೆ, ಇಲ್ಲವೆ 10,000 ಬಾಟ್‌ವರೆಗೆ ದಂಡ, ಅಥವಾ ಎರಡೂ. ಕೆಲಸದ ಮೇಲಿದ್ದ ಅಧಿಕಾರಿಗೆ ಹಾಗಂದರೆ 136ನೇ ಕಲಮು, 1 ವರ್ಷದವರೆಗೆ. ನೋಕ್ ಪೊಲೀಸರ ಹತ್ತಿರ ಹೋಗುವವಳಲ್ಲ. ಹೋದರೆ ನನಗೆ ಇಷ್ಟು ಚಿಂತೆ ಇರುತ್ತಿರಲಿಲ್ಲವೇನೋ, ಅದು ಕಣ್ಣಿಗೆ ಕಾಣುತ್ತದಲ್ಲ.

ಇನ್ನು ಏನು ಮಾಡುವುದು. ನಾನು ಹೇಳಿದರೆ ನಿನಗೆ ಉಪದೇಶ ಅನ್ನಿಸಬಹುದು, ಬೇಕಾದಷ್ಟು ತೆಗೆದುಕೊ.

ಇನ್ನು ಮುಂದೆ ಯಾರದಾದರೂ ತಪ್ಪು ಹೇಳಬೇಕಾದರೆ ಪಕ್ಕಕ್ಕೆ ಕರೆ. ಕರೆಯುವಾಗ ಅಂಗೈ ಕೆಳಗೆ ಮಾಡಿ ಬೆರಳು ಆಡಿಸು, ತೋರುಬೆರಳು ಬೇಡ. ಅವರು ಕೂತಿರುವಾಗ ನೀನು ನಿಂತು ಮಾತಾಡಬೇಡ, ಸೊಂಟದ ಮೇಲೆ ಕೈ ಇಡಬೇಡ, ಕಾಗದವನ್ನು ಮೇಜಿನ ಮೇಲೆ ಎಸೆಯಬೇಡ. ಮೊದಲು 'ಕಿನ್ ಖಾವ್ ರೂ ಯಂಗ್' ಅನ್ನು. ನಮ್ಮ 'ಊಟ ಆಯ್ತಾ' ಅದು, ಅಕ್ಷರಶಃ. ಆಮೇಲೆ ಪಾರ್ಟು ಕೈಯಲ್ಲಿ ಹಿಡಿದು ಪಾರ್ಟಿನ ಬಗ್ಗೆ ಮಾತಾಡು, 'ನೀನು' ಅನ್ನುವುದನ್ನು ಬಿಡು. ವಾಕ್ಯದ ಕೊನೆಗೆ 'ನ ಖ್ರಾಪ್' ಸೇರಿಸು. ಆ 'ನ' ಮಾತಿನ ಮೊನಚು ಮುರಿಯುತ್ತದೆ, ನಾವು 'ಅಲ್ಲೇನಪಾ' ಅಂದ ಹಾಗೆ. 'ತಿಳಿಯಿತೇ?' ಅಂತ ಕೇಳಿದರೆ 'ಖಾ' ಬರುತ್ತದೆ, ಅದರ ಅರ್ಥ ಕೇಳಿಸಿತು ಅಂತ ಮಾತ್ರ. ಅದಕ್ಕೆ 'ನಾಳೆ ಎಷ್ಟು ಪೀಸಿಗೆ ಒಂದು ಚೆಕ್ ಮಾಡುತ್ತೀರಿ?' ಅಂತ ಕೇಳು, ಉತ್ತರದಲ್ಲಿ ಅಂಕಿ ಬರಬೇಕು. ವಾಟ್ಸಾಪಿನಂಥ 'ಲೈನ್' ಆ್ಯಪಿನ ಗುಂಪಿನಲ್ಲಿ ತಪ್ಪು ಹಾಕುವುದೂ ಎಂಟು ಮಂದಿ ಎದುರು ಒದರಿದಂತೆಯೇ, ಒಬ್ಬರಿಗೇ ಕಳಿಸು. ಸಿಟ್ಟು ತಡೆಯಲಾಗದಿದ್ದರೆ ಟಾಯ್ಲೆಟ್ಟಿಗೆ ಹೋಗು, ನಗಬೇಡ. ನಿನ್ನ ಒಣ ನಗು ಅವರಿಗೆ ಗೊತ್ತಾಗಿಬಿಡುತ್ತದೆ.

ನೋಕ್ ವಿಷಯದಲ್ಲಿ ಇನ್ನು ಒಂದು ವಾರ ಮೀರಬಾರದು. ನೇರ ಹೋಗಬೇಡ. ಆ ಲೈನಿನಲ್ಲಿ ವಯಸ್ಸಾದ 'ಫೀ' ಯಾರಾದರೂ ಇರುತ್ತಾರೆ, ನಮ್ಮ ಅಕ್ಕ, ಅಣ್ಣ ಇದ್ದ ಹಾಗೆ. ಅವರಿಗೆ ಮೊದಲು ಹೇಳು: ನನ್ನದು ತಪ್ಪಾಯಿತು, ನೋಕ್ ಜೊತೆ ಹೇಗೆ ಮಾತಾಡಲಿ ಅಂತ. ಅಷ್ಟು ಕೇಳಿದರೆ ಅರ್ಧ ಕೆಲಸ ಅವರೇ ಮಾಡುತ್ತಾರೆ. ಆಮೇಲೆ ಆಕೆಯ ಹತ್ತಿರ ಮೆಲ್ಲಗೆ 'ಖೋ ಥೋತ್ ಥೀ ಫೂತ್ ಸಿಯಂಗ್ ದಂಗ್ ಖ್ರಾಪ್', ಜೋರಾಗಿ ಮಾತಾಡಿದ್ದಕ್ಕೆ ಕ್ಷಮಿಸಿ. ಎದೆಯ ಹತ್ತಿರ ಕೈ ಜೋಡಿಸಿದರೆ ಸಾಕು. ಹೆಬ್ಬೆರಳು ಗದ್ದಕ್ಕೆ ತಾಗಿಸುವುದು ಹಿರಿಯರಿಗೆ, ಮೂಗಿನ ತುದಿಗೆ ತಂದೆ ತಾಯಿ ಗುರುಗಳಿಗೆ, ಹುಬ್ಬಿನ ನಡುವೆ ಭಿಕ್ಷುಗಳಿಗೆ. ನಿನಗಿಂತ ಚಿಕ್ಕವಳಿಗೆ ಮೂಗಿನವರೆಗೆ ಕೈ ಎತ್ತಿದರೆ ಆಕೆಗೆ ಮತ್ತೆ ಮುಜುಗರ. ಆ 'ಥೋತ್' ನಮ್ಮ ದೋಷವೇ, ಗೊತ್ತೇ? ಇನ್ನೂ ಗಂಭೀರವಾಗಿ 'ಖೋ ಅಫಾಯ್' ಅನ್ನುತ್ತಾರೆ, ಅದು ನಮ್ಮ ಅಭಯ. ಸಿಟ್ಟಿಗೆ ಅವರು 'ಮೋಹೋ' ಅನ್ನುವುದು ಪಾಲಿಯ ಮೋಹದಿಂದ ಬಂದದ್ದು. ಸಂಸ್ಕೃತದಲ್ಲಿ ಭ್ರಮೆ ಆದದ್ದು ಅಲ್ಲಿಗೆ ಹೋಗಿ ಸಿಟ್ಟಾಯಿತು. ಇದನ್ನು ಬರೆಯುವುದಕ್ಕೆ ಕಾರಣವೇನಿಲ್ಲ, ನೆನಪಾಯಿತು.

'ಯಾಕೆಂದರೆ ನೀನು ರಿಪೋರ್ಟು...' ಅಂತ ಕಾರಣ ಹೇಳಲು ಹೋಗಬೇಡ, ಆ ಒಂದು ಮಾತಿಗೆ ಎಲ್ಲ ಹಾಳಾಗುತ್ತದೆ. ನಾಲ್ಕಾರು ದಿನ ಬಿಟ್ಟು ಅದೇ ಎಂಟು ಮಂದಿ ಎದುರು ಆಕೆ ಮಾಡಿದ ಒಂದು ಒಳ್ಳೆಯ ಕೆಲಸವನ್ನು, ನಿಜವಾಗಿ ಮಾಡಿದ್ದನ್ನೇ, ಒಂದೇ ವಾಕ್ಯದಲ್ಲಿ ಹೇಳು. ಎರಡು ವಾಕ್ಯವಾದರೆ ಆಕೆಗೆ ಅನುಮಾನ ಬರುತ್ತದೆ. ಹೋಗುವಾಗ ಹಣ್ಣು ತೆಗೆದುಕೊಂಡು ಹೋಗು. ಗಾಡಿಯವನ ಹತ್ತಿರ ಹೆಚ್ಚಿದ ಮಾವಿನಕಾಯಿ, ಪೇರಲ ಸಿಗುತ್ತದೆ, ಜೊತೆಗೆ ಉಪ್ಪು ಸಕ್ಕರೆ ಖಾರದ ಪುಡಿಯ ಪೊಟ್ಟಣ ಕೊಡುತ್ತಾನೆ. ಆಕೆಗೊಬ್ಬಳಿಗೇ ಬೇಡ, ಇಡೀ ಮೇಜಿಗೆ ಇಡು, ಯಾರೂ ಯಾಕೆ ಅಂತ ಕೇಳಬಾರದು.

ಆಕೆ 'ಮಾಯ್ ಪೆನ್ ರಾಯ್', ಏನೂ ಆಗಿಲ್ಲ ಅನ್ನುತ್ತಾಳೆ. ನಗುತ್ತಾಳೆ ಕೂಡ. ಎರಡರಿಂದಲೂ ಏನೂ ತಿಳಿಯುವುದಿಲ್ಲ. ಮರುದಿನ ಮಧ್ಯಾಹ್ನ ತಾನಾಗಿ ಬಂದು 'ಕಿನ್ ಖಾವ್ ರೂ ಯಂಗ್' ಅಂತ ನಿನ್ನನ್ನು ಕೇಳುತ್ತಾಳೋ ಇಲ್ಲವೋ, ಅದನ್ನು ಮಾತ್ರ ನನಗೆ ಬರಿ. ಫೋನು ಮಾಡಿದರೂ ಆದೀತು, ರಾತ್ರಿ ಹತ್ತರವರೆಗೆ ಎದ್ದಿರುತ್ತೇನೆ.

ಇತಿ,
ನಿನ್ನ ಮಾಮಾ