ಮಗಳಿಗೊಂದು ಪತ್ರ: ಗರ್ಭಚೀಲ ತೆಗೆದ ಮೇಲೂ ಕಾಣುವ ರಕ್ತ

ಗದಗ

ಚಿ. ಸೌ. ಮಗಳಿಗೆ ಅವ್ವನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ದನಿ ತಗ್ಗಿಸಿ, "ಗರ್ಭಚೀಲ ತೆಗೆಸಿ ಐದು ತಿಂಗಳಾಯಿತು, ಮತ್ತೆ ಕೆಂಪು ಕಾಣುತ್ತಿದೆ" ಎಂದೆ. ಅಷ್ಟರಲ್ಲಿ ನಿನ್ನ ಅತ್ತೆ ಬಂದರೆಂದು ತೋರುತ್ತದೆ, ಮಾತು ಶೇಂಗಾ ಚಟ್ನಿಯ ಕಡೆ ಹೊರಳಿತು. ಉಳಿದದ್ದನ್ನು ಬರೆದು, ದಿನಾ ಹುಬ್ಬಳ್ಳಿಗೆ ಓಡಾಡುವ ಪಕ್ಕದ ಮನೆಯ ಹುಡುಗನ ಕೈಯಲ್ಲಿ ಲಕೋಟೆಗೆ ಅಂಟು ಹಚ್ಚಿ ಕಳಿಸುತ್ತಿದ್ದೇನೆ.

ಆಪರೇಷನ್ ಆದ ನಾಲ್ಕರಿಂದ ಆರು ವಾರ ಸ್ವಲ್ಪ ಸ್ವಲ್ಪ ಕಂದು ಸ್ರಾವ ಹೋಗುವುದು ಸಹಜ. ನಿನ್ನದು ಆ ಲೆಕ್ಕಕ್ಕೆ ಸೇರುವುದಿಲ್ಲ. "ಚೀಲವೇ ಇಲ್ಲದ ಮೇಲೆ ಇದೇನು ರಕ್ತ, ಉಷ್ಣವಾಗಿರಬೇಕು" ಎಂದು ಮೆಂತ್ಯದ ನೀರು ಕುಡಿಯುತ್ತಾ ಕೂರಬೇಡ. ಚೀಲ ಹೋದರೂ ಯೋನಿಯ ಮೇಲ್ತುದಿಯಲ್ಲಿ ಹೊಲಿಗೆ ಹಾಕಿದ ಜಾಗ ಉಳಿದಿರುತ್ತದೆ. ಗಾಯ ಮಾಯುವಾಗ ಅಲ್ಲಿ ಮೆತ್ತಗಿನ ಕೆಂಪು ಮಾಂಸ ಹೆಚ್ಚಾಗಿ ಬೆಳೆದರೆ ತುಸು ತಾಗಿದರೂ ಜಿನುಗುತ್ತದೆ. ಅದಾಗಿದ್ದರೆ ಡಾಕ್ಟರು ಸಿಲ್ವರ್ ನೈಟ್ರೇಟ್ ಎಂಬ ಔಷಧಿ ಮುಟ್ಟಿಸಿ ಸುಡುತ್ತಾರೆ. ಸಾಮಾನ್ಯವಾಗಿ ಅಡ್ಮಿಟ್ ಆಗಬೇಕಿಲ್ಲ. ಚೀಲದ ಕೆಳಬಾಯಿಯಾದ ಗರ್ಭಕೊರಳನ್ನು ಉಳಿಸಿದ್ದರೆ ಕೆಲವರಿಗೆ ತಿಂಗಳಿಗೊಮ್ಮೆ ಕಲೆ ಕಾಣುವುದುಂಟು. ಚೀಲ ತೆಗೆಸಿದ ಮೇಲೆ ನನಗೂ ರಕ್ತ ಕಂಡಿತ್ತು, ಆದರೆ ಕಾರಣ ಬೇರೆ. ಅಂಡಾಶಯವನ್ನೂ ತೆಗೆದಿದ್ದರಿಂದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗಿ ಯೋನಿಯ ಒಳಚರ್ಮ ತೆಳುವಾಗಿ ಒಣಗಿತ್ತು. ಡಾಕ್ಟರಮ್ಮ ಒಳಗೆ ನೋಡಿ ಹಚ್ಚಿಕೊಳ್ಳುವ ಕ್ರೀಮ್ ಬರೆದುಕೊಟ್ಟರು, ನಿಂತಿತು. ನನ್ನ ಕ್ರೀಮನ್ನು ಕೇಳಬೇಡ, ಕೊಡುವುದಿಲ್ಲ. ನಿನ್ನದು ಏನೆಂದು ಮೊದಲು ತಿಳಿಯಲಿ.

ಕ್ಯಾನ್ಸರ್ ಅಪರೂಪ. ಆದರೆ ಅದಲ್ಲ ಎಂದು ಪರೀಕ್ಷೆ ಮಾಡಿದವರು ಹೇಳಬೇಕು. ನಾನಲ್ಲ, ನಿನ್ನ ಅತ್ತೆಯೂ ಅಲ್ಲ.

ಹೋಗುವಾಗ ಡಿಸ್ಚಾರ್ಜ್ ಕಾರ್ಡ್, ತೆಗೆದ ಚೀಲವನ್ನು ಪರೀಕ್ಷಿಸಿದ ಬಯಾಪ್ಸಿ ವರದಿ ಎರಡನ್ನೂ ಒಯ್ಯಿ. ಗರ್ಭಕೊರಳು, ಅಂಡಾಶಯ ಇವೆಯೇ ಇಲ್ಲವೇ ಎಂದು ಕೇಳಿ ಬರೆಸಿಕೋ. ನಮ್ಮ ಕಡೆ ಎಷ್ಟೋ ಹೆಂಗಸರಿಗೆ ತಮ್ಮ ಹೊಟ್ಟೆಯಿಂದ ಏನೇನು ಹೋಯಿತೆಂಬುದೇ ಗೊತ್ತಿರುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ಗಂಟೆಯೊಳಗೆ ಪ್ಯಾಡ್ ತೊಯ್ದರೆ, ರಕ್ತದ ಗಡ್ಡೆ ಬಿದ್ದರೆ, ಜ್ವರ, ದುರ್ವಾಸನೆ, ಕಿಬ್ಬೊಟ್ಟೆಯಲ್ಲಿ ಜೋರು ನೋವು ಬಂದರೆ, ಯೋನಿಯಿಂದ ನೀರು ಹರಿದಂತಾದರೆ ನನ್ನ ದಾರಿ ಕಾಯಬೇಡ. ರಾತ್ರಿಯಾದರೂ ಸರಿ, ಜನ ಕಿಮ್ಸ್ ಎನ್ನುವ ವಿದ್ಯಾನಗರದ ಸರ್ಕಾರಿ ಆಸ್ಪತ್ರೆಗೆ ಹೋಗು, ಇಲ್ಲವೇ 108ಕ್ಕೆ ಕರೆ ಮಾಡು.

ಅದಿಲ್ಲವಾದರೆ ನಾಡಿದ್ದು ಬೆಳಗಿನ ಬಸ್ಸಿಗೆ ಬರುತ್ತೇನೆ, ಇಬ್ಬರೂ ಹೋಗೋಣ. ಅಲ್ಲಿಯವರೆಗೆ ತುಂಬಿದ ಕೊಡ, ಸಿಲಿಂಡರ್ ಎತ್ತಬೇಡ. ಡಾಕ್ಟರು ನೋಡುವ ತನಕ ಗಂಡ ಹೆಂಡತಿ ಕೂಡುವುದು ಬೇಡವೆಂದು ಅಳಿಯಂದಿರಿಗೆ ಹೇಳು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಈ ಪತ್ರವನ್ನೇ ಅವರ ಕೈಗೆ ಕೊಡು.

ನಿನ್ನ ಅವ್ವ