ಮೊದಲ ಸುತ್ತಿನ ಸಂದರ್ಶನ ಜಿಲ್ಲೆಯಲ್ಲೇ ನಡೆಯಲಿ

ಮಾನ್ಯರೇ,

ಹೊರ ಜಿಲ್ಲೆಗಳ ಪದವೀಧರರಿಗೆ ಬೆಂಗಳೂರಿನಲ್ಲಿ ಮೊದಲ ಕೆಲಸ ಹುಡುಕುವುದೇ ಹೊರಲಾಗದ ಖರ್ಚಾಗಿದೆ. ಬೀದರ್, ರಾಯಚೂರು, ಯಾದಗಿರಿಯ ಮಕ್ಕಳು ರಾತ್ರಿಯಿಡೀ ಪ್ರಯಾಣ ಮಾಡಿ ಬರುತ್ತಾರೆ. ಬೆಳಿಗ್ಗೆ ಇಳಿದವರು ಮತ್ತೆ ವೈಟ್‌ಫೀಲ್ಡ್‌ಗೋ ಎಲೆಕ್ಟ್ರಾನಿಕ್ ಸಿಟಿಗೋ ಓಡಬೇಕು. ಅಲ್ಲಿ ಹತ್ತು ನಿಮಿಷದ ಮಾತುಕತೆ, ಆಮೇಲೆ 'ತಿಳಿಸುತ್ತೇವೆ' ಎಂಬ ಉತ್ತರ. ಪ್ರತಿ ಸಲ ಹೀಗೆ ಓಡಾಡಲು ಆಗದೆ ಎಷ್ಟೋ ಮಂದಿ ಪಿ.ಜಿ.ಯಲ್ಲಿ ಉಳಿದು ಹುಡುಕುತ್ತಾರೆ. ಅಡ್ವಾನ್ಸ್, ಬಾಡಿಗೆ, ಊಟ, ಓಡಾಟ ಎಲ್ಲವೂ ಮನೆಯವರ ಮೇಲೆ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಇದೆ, ನಿಜ. ಆದರೆ ಅದು ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಮಾತ್ರ. ಹಣ ಜಾಸ್ತಿ ಬೇಕಾಗುವುದು ಆ ಮೊದಲ ತಿಂಗಳುಗಳಲ್ಲೇ ಅಲ್ವಾ? ಮನೆಯಲ್ಲಿ ಅನುಕೂಲ ಇದ್ದವರು ಕಾಯುತ್ತಾರೆ. ಇಲ್ಲದವರು ಎಷ್ಟೇ ಜಾಣರಾದರೂ ಊರಿಗೆ ಮರಳುತ್ತಾರೆ, ಅಥವಾ ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವ ಏಜೆಂಟರ ಕೈಗೆ ಸಿಕ್ಕಿಬೀಳುತ್ತಾರೆ. ಇದು ತುಂಬಾ ನೋವಿನ ಸಂಗತಿ.

ಕೌಶಲಾಭಿವೃದ್ಧಿ ಇಲಾಖೆ ಇಲ್ಲಿ ಒಂದು ಕೆಲಸ ಮಾಡಬಹುದು. ಹೊಸಬರನ್ನು ತೆಗೆದುಕೊಳ್ಳುವ ಕಂಪನಿಗಳ ಜೊತೆ ಮಾತಾಡಿ, ಮೊದಲ ಸುತ್ತಿನ ಪರೀಕ್ಷೆ ಮತ್ತು ವಿಡಿಯೊ ಸಂದರ್ಶನವನ್ನು ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲೋ ಸರ್ಕಾರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲೋ ನಡೆಸಲಿ. ಅದರಲ್ಲಿ ಗೆದ್ದವರನ್ನು ಮಾತ್ರ ಬೆಂಗಳೂರಿಗೆ ಕರೆಯಲಿ. ಹಾಗೆ ಬರುವವರಿಗೆ ಬಸ್ ಪ್ರಯಾಣ ಉಚಿತವಾಗಿರಲಿ. ಒಂದೆರಡು ರಾತ್ರಿ ತಂಗಲು ಸರ್ಕಾರಿ ಹಾಸ್ಟೆಲ್‌ಗಳಲ್ಲಿ ಜಾಗ ಕೊಡಲಿ.

– ಪದವೀಧರೆಯೊಬ್ಬಳ ತಂದೆ, ರಾಯಚೂರು